ಮೊದಲನೇ ಚಿತ್ರಪುಸ್ತಕ ಮಾಡ್ತಿರೋರು ಬಣ್ಣ ಹಚ್ಚೋ ಮುಂಚೆ ಇದನ್ನೊಮ್ಮೆ ಓದಿ
ಕಥೆನೂ ನಮ್ದೇ ಚಿತ್ರಾನೂ ನಮ್ದೇ ಅಂತ ಹೊರಟಿರೋರು ಮೊದ್ಲು ಒಂದು ಡಮ್ಮಿ, ಅಂದ್ರೆ ಪುಸ್ತಕದ ಕಚ್ಚಾ ನಮೂನೆ, ಮಾಡ್ಕೊಳ್ಳಿ. ಎಂಟು ಎ4 ಹಾಳೆ ಒಟ್ಟಿಗೆ ಮಧ್ಯಕ್ಕೆ ಮಡಚಿ ಪಿನ್ ಹೊಡೆದ್ರೆ 32 ಪುಟ ರೆಡಿ, ಅದ್ರಲ್ಲೇ ಪೆನ್ಸಿಲಲ್ಲಿ ಗೀಚಿ, ಪುಟ ತಿರುಗಿಸಿದಾಗ ಏನು ಕಾಣ್ಬೇಕು ಅನ್ನೋದು ಅಲ್ಲೇ ಗೊತ್ತಾಗತ್ತೆ. ನಾನು ಈ ಕೆಲ್ಸ ಬಿಟ್ಟು ಸೀದಾ ವಾಟರ್‌ಕಲರ್‌ಗೆ ಇಳಿದೆ, ಆನೆ ಮುಖಾನ ಎರಡು ಪುಟದ ನಟ್ಟನಡುವೆ ಬಿಡಿಸಿದ್ದೆ, ಬೈಂಡಿಂಗ್ ಆಗಿ ಬಂದಾಗ ಒಂದು ಕಣ್ಣು ಮಡಿಕೆಯೊಳಗೆ ಮಾಯ. ಮಗಳು "ಅಮ್ಮಾ, ಆನೆಗೆ ಕಣ್ಣು ನೋವಾ?" ಅಂದ್ಲು!

ಚಿತ್ರದಲ್ಲಿ ಮಳೆ ಸುರೀತಿದ್ರೆ "ಮಳೆ ಸುರಿಯುತ್ತಿತ್ತು" ಅಂತ ಮತ್ತೆ ಬರೀಬೇಡಿ, ನಾನು ಅಂಥ ಸಾಲೆಲ್ಲ ಹೊಡೆದು ಹಾಕಿ ಅರ್ಧ ಕಥೆನೇ ತೆಗೆದೆ, ಚೆನ್ನಾಗೇ ಆಯ್ತು.

ಅಕ್ಷರಕ್ಕೆ ಜಾಗ ಧಾರಾಳವಾಗಿ ಬಿಡಿ, ನಮ್ ಕನ್ನಡದ ಒತ್ತಕ್ಷರ ಕೆಳಗಿನ ಸಾಲಿಗೆ ತಾಗತ್ತೆ, ಈಗಷ್ಟೇ ಓದೋಕೆ ಕಲೀತಿರೋ ಮಗು "ಅಜ್ಜಿ"ಗೇ ತಡವರಿಸತ್ತೆ. ಸ್ಕ್ಯಾನ್ 300 ಡಿಪಿಐಗಿಂತ (ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಲೆಕ್ಕ) ಕಮ್ಮಿ ಬೇಡ, ಪ್ರೆಸ್ಸಲ್ಲಿ ಅಂಚು ಕತ್ತರಿಸ್ತಾರಲ್ಲ, ಅದಕ್ಕೆ ಸುತ್ತಲೂ 3 ಮಿ.ಮೀ. ಬಣ್ಣ ಜಾಸ್ತಿನೇ ಹಚ್ಚಿರಿ. ಫಾಂಟ್ ಯೂನಿಕೋಡೇ (ಎಲ್ಲಾ ಕಂಪ್ಯೂಟರ್‌ಗೂ ಒಂದೇ ಆಗಿರೋ ಅಕ್ಷರ ಸಂಕೇತ) ಇರ್ಲಿ.