ಸಂಜೆಯ ಬಜ್ಜಿಗೆ ಮದ್ದು ಬೆಳಗಿನ ತಟ್ಟೆಯಲ್ಲಿದೆ

ಹಾಸನದಲ್ಲಿ ನನ್ನ ಬಳಿ ವ್ಯಾಯಾಮಕ್ಕೆ ಸೇರುವವರು ಮೊದಲ ದಿನವೇ ಕೇಳುವುದು, ‘ಸರ್, ಏನೇನು ತಿನ್ನೋದು ಬಿಡಬೇಕು?’ ಅಂತ. ನಾನು ತಿರುಗಿ ಕೇಳುವುದು, ‘ಎಷ್ಟೊತ್ತಿಗೆ ತಿಂತೀರಿ?’ ಬಸ್ ಕಂಡಕ್ಟರ್ ಇರಲಿ, ಶಾಲೆಯ ಮೇಡಂ ಇರಲಿ, ಶುಂಠಿ ರೇಟು ಬಿದ್ದು ನಿದ್ದೆಗೆಟ್ಟ ರೈತರಿರಲಿ, ಉತ್ತರ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಬರೀ ಕಾಫಿ. ಮಧ್ಯಾಹ್ನ ಮೂರಕ್ಕೆ ಸಿಕ್ಕಿದ್ದು. ಸಂಜೆ ಆರಕ್ಕೆ ಮೆಣಸಿನಕಾಯಿ ಬಜ್ಜಿ, ಬೇಕರಿಯ ಬೆಣ್ಣೆ ಬಿಸ್ಕತ್ತು. ರಾತ್ರಿ ಹತ್ತಕ್ಕೆ ಹೊಟ್ಟೆ ಬಿರಿಯುವಷ್ಟು ಊಟ.

ಇದು ಮನಸ್ಸು ಗಟ್ಟಿಯಿಲ್ಲದವರ ಲಕ್ಷಣ ಎಂದು ನಾನು ಒಪ್ಪುವುದಿಲ್ಲ. ಗಾಬರಿ, ಅವಸರದಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಏರಿ ಸ್ವಲ್ಪ ಹೊತ್ತು ಹಸಿವೇ ಗೊತ್ತಾಗುವುದಿಲ್ಲ. ಚಿಂತೆ ದಿನಗಟ್ಟಲೆ ಮುಂದುವರಿದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಕಾರ್ಟಿಸೋಲ್ ಎಂಬ ಇನ್ನೊಂದು ಹಾರ್ಮೋನು ಹೆಚ್ಚುತ್ತದೆ. ಅದು ಹಸಿವನ್ನು ಕೆರಳಿಸುತ್ತದೆ, ಅದರಲ್ಲೂ ಸಿಹಿ ಮತ್ತು ಕರಿದ ತಿಂಡಿಯ ಕಡೆಗೆ ಎಳೆಯುತ್ತದೆ. ಜತೆಗೆ ಹಗಲೆಲ್ಲ ಹೊಟ್ಟೆ ಖಾಲಿ ಬಿಟ್ಟಿದ್ದರೆ ಬಾಣಲೆಯ ವಾಸನೆಯ ಮುಂದೆ ಯಾರ ಹಟವೂ ನಿಲ್ಲದು. ಅದಕ್ಕೇ ಸಂಜೆಯ ಬಾಯಿಚಪಲದ ಜತೆ ಸಂಜೆಯೇ ಗುದ್ದಾಡಬೇಡಿ, ಬೆಳಿಗ್ಗೆಯಿಂದ ಶುರು ಮಾಡಿ ಎನ್ನುತ್ತೇನೆ.

ಹೆಜ್ಜೆ 1: ಮೂರು ದಿನ ಬರೆದಿಡಿ

ಏನು ತಿಂದಿರಿ, ಎಷ್ಟು ಹೊತ್ತಿಗೆ, ಆಗ ಹೊಟ್ಟೆ ಹಸಿದಿತ್ತೋ ತಲೆ ಬಿಸಿಯಾಗಿತ್ತೋ, ಇಷ್ಟು ಸಾಕು. ಕ್ಯಾಲೊರಿ ಲೆಕ್ಕ ಈಗಲೇ ಬೇಡ.

ಹೆಜ್ಜೆ 2: ಒಂಬತ್ತರೊಳಗೆ ತಿಂಡಿ, ಜತೆಗೆ ಕಾಳು

ಅಕ್ಕಿ ರೊಟ್ಟಿ, ಉಪ್ಪಿಟ್ಟು, ಚಿತ್ರಾನ್ನ ಯಾವುದನ್ನೂ ಬಿಡಬೇಕಿಲ್ಲ. ಆದರೆ ಇವುಗಳಲ್ಲಿ ಪ್ರೋಟೀನ್ ಕಡಿಮೆ, ಹತ್ತೂವರೆಗೆಲ್ಲ ಮತ್ತೆ ಹಸಿವು. ವಯಸ್ಕರಿಗೆ ದಿನಕ್ಕೆ ತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನ್ ಬೇಕು ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕ. 60 ಕೆ.ಜಿ. ತೂಗುವವರಿಗೆ ಸುಮಾರು 50 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ. ಹಾಗಾಗಿ ರೊಟ್ಟಿಯ ಪಕ್ಕದಲ್ಲಿ ಮೊಟ್ಟೆಯೋ ಮೊಳಕೆ ಹೆಸರುಕಾಳಿನ ಉಸಲಿಯೋ ಇರಲೇಬೇಕು. ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನದ ತಿಂಡಿಗೆ ಮೊಳಕೆ ರೆಡಿ. ಡಿಸೆಂಬರ್ ಚಳಿಯಲ್ಲಿ ನಮ್ಮೂರಲ್ಲಿ ಇನ್ನರ್ಧ ದಿನ ಬೇಕಾದೀತು, ಗಂಟನ್ನು ಒಲೆಯ ಹತ್ತಿರ ಇಡಿ.

ಹೆಜ್ಜೆ 3: ಬಸ್ಸಾರಿನ ಪಲ್ಯವನ್ನು ಬದಿಗೆ ಸರಿಸಬೇಡಿ

ಮಧ್ಯಾಹ್ನದ ಊಟಕ್ಕೆ ನಮ್ಮ ಬಸ್ಸಾರಿಗಿಂತ ಒಳ್ಳೆಯದನ್ನು ನಾನು ಹೇಳಲಾರೆ. ಕಾಳು, ಸೊಪ್ಪು ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು, ಉಳಿದಿದ್ದರಲ್ಲಿ ಪಲ್ಯ. ಆದರೆ ಬಹಳ ಜನ ಎರಡು ಮುದ್ದೆ ಇಟ್ಟುಕೊಂಡು, ಸಾರು ಸುರಿದುಕೊಂಡು, ಪಲ್ಯವನ್ನು ಉಪ್ಪಿನಕಾಯಿಯಷ್ಟು ಹಾಕಿಕೊಳ್ಳುತ್ತಾರೆ. ಪ್ರೋಟೀನು, ನಾರು ಹೆಚ್ಚಾಗಿ ಉಳಿಯುವುದೇ ಆ ಪಲ್ಯದಲ್ಲಿ. ಮುದ್ದೆ ಒಂದು ಮಾಡಿ, ಪಲ್ಯ ಒಂದು ದೊಡ್ಡ ಬಟ್ಟಲು ಮಾಡಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ ನಿಜ, ಆದರೆ ಅದೂ ಪಿಷ್ಟವೇ. ಸಕ್ಕರೆ ಕಾಯಿಲೆ ಇರುವವರಿಗೆ ‘ರಾಗಿ ಎಷ್ಟು ತಿಂದರೂ ಏನೂ ಆಗಲ್ಲ’ ಎಂದು ಹೇಳುವವರ ಮಾತು ನನಗೆ ಸಿಟ್ಟು ತರಿಸುತ್ತದೆ. ಸೊಗಡಿನ ಅವರೆಕಾಯಿ ಕಟ್ಟಿನಕೆರೆ ಮಾರುಕಟ್ಟೆಗೆ ಬರುವ ಕಾಲದಲ್ಲಂತೂ ಊಟಕ್ಕೆ ಕಾಳಿಲ್ಲ ಅನ್ನಲು ಯಾರಿಗೂ ಕಾರಣವೇ ಇರುವುದಿಲ್ಲ.

ಹೆಜ್ಜೆ 4: ಮೂರು ಗಂಟೆಯ ಮೇಲೆ ಕಾಫಿ ಬೇಡ

ಕಾಫಿ ನಾಡಿನಲ್ಲಿ ಇದನ್ನು ಹೇಳುವುದು ಕಷ್ಟ. ಆದರೂ ಕಾಫಿಯಲ್ಲಿ ನಿದ್ದೆ ಓಡಿಸುವ ಕೆಫೀನ್ ಮೈಯಲ್ಲಿ ಅರ್ಧ ಇಳಿಯಲು ಸಾಮಾನ್ಯವಾಗಿ ಐದು ಗಂಟೆ ಬೇಕು. ಆರಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ನಿದ್ದೆ ಕೆಟ್ಟರೆ ಮರುದಿನ ಹಸಿವು ಹೆಚ್ಚು. ಸಕ್ಕರೆಯನ್ನೂ ಎಣಿಸಿ: ಲೋಟಕ್ಕೆ ಎರಡು ಟೀ ಚಮಚದಂತೆ ದಿನಕ್ಕೆ ನಾಲ್ಕು ಲೋಟವಾದರೆ 30 ಗ್ರಾಂ ದಾಟಿತು. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಊಟದ ಹಿಂದುಮುಂದಿನ ಒಂದು ಗಂಟೆ ಕಾಫಿ, ಟೀ ಎರಡೂ ಬೇಡ. ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಹತ್ತಲು ಅವು ಅಡ್ಡಿ.

ಹೆಜ್ಜೆ 5: ಐದಕ್ಕೇ ಅಂಬಲಿ

ಹಸಿವು ಮಿತಿಮೀರುವ ಮೊದಲೇ ಏನಾದರೂ ತಿನ್ನಿ, ಸಂಜೆ ಉಪವಾಸ ಬೇಡ. ಎರಡು ಚಮಚ ರಾಗಿ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ಒಂದು ಲೋಟ ನೀರಿಗೆ ಸುರಿದು ಕೈಬಿಡದೆ ತಿರುವಿ. ಹಸಿ ವಾಸನೆ ಹೋಗಿ ಮೇಲೆ ಹೊಳಪು ಬಂದಾಗ ಇಳಿಸಿ. ಪೂರ್ತಿ ಆರಿದ ಮೇಲೆ ಮಜ್ಜಿಗೆ, ಚಿಟಿಕೆ ಉಪ್ಪು, ಹೆಚ್ಚಿದ ಈರುಳ್ಳಿ, ಜೀರಿಗೆ ಪುಡಿ. ಬಿಸಿಯಿರುವಾಗ ಮಜ್ಜಿಗೆ ಹಾಕಿದರೆ ಒಡೆಯುತ್ತದೆ. ಬಾಟಲಿಗೆ ತುಂಬಿಕೊಂಡು ಅಂಗಡಿಗೋ ಆಫೀಸಿಗೋ ಒಯ್ಯಬಹುದು. ಜತೆಗೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ.

ಹೊಟ್ಟೆ ತುಂಬಿದ್ದೂ ಬಾಯಿ ಎಳೆಯುತ್ತಿದ್ದರೆ ಅದು ಮನಸ್ಸಿನ ಭಾರ. ಕುಳಿತು ನಾಲ್ಕು ಎಣಿಸುವವರೆಗೆ ಮೂಗಿನಿಂದ ಉಸಿರೆಳೆದು, ಆರು ಎಣಿಸುವವರೆಗೆ ನಿಧಾನ ಬಿಡಿ. ಐದು ನಿಮಿಷ ಸಾಕು, ಎದೆಬಡಿತ ತಗ್ಗುವುದು ನಿಮಗೇ ತಿಳಿಯುತ್ತದೆ. ಆಮೇಲೂ ಬಜ್ಜಿ ಬೇಕೆನಿಸಿದರೆ ಒಂದೆರಡು ತಿನ್ನಿ, ಕೂತು ರುಚಿ ನೋಡಿ ತಿನ್ನಿ. ವಾರಕ್ಕೊಮ್ಮೆ ತಿಂದದ್ದಕ್ಕೆ ಅಪರಾಧಭಾವ ಪಟ್ಟರೆ ಅದೇ ಇನ್ನೊಂದು ಒತ್ತಡ.

ಹೆಜ್ಜೆ 6: ಎಂಟಕ್ಕೆ ಊಟ, ಆಮೇಲೆ ನಡಿಗೆ

ಊಟವಾದ ಮೇಲೆ ಹದಿನೈದು ನಿಮಿಷ ಬೀದಿಯಲ್ಲಿ ನಡೆದರೂ ರಕ್ತದ ಸಕ್ಕರೆ ಏರುವುದು ತಗ್ಗುತ್ತದೆ. ವಾರಕ್ಕೆ 150 ನಿಮಿಷದ ಬಿರುಸು ನಡಿಗೆ ಗುರಿಯಾಗಿರಲಿ. ಮಹಾರಾಜ ಪಾರ್ಕಿಗೆ ಬೆಳಿಗ್ಗೆ ಬರುವವರಿಗೆ ನಾನು ಹೇಳುವುದು, ಫೋನ್ ಮನೆಯಲ್ಲೇ ಬಿಟ್ಟು ಬನ್ನಿ.

ಆರೂ ಹೆಜ್ಜೆ ಒಟ್ಟಿಗೆ ಹಿಡಿಯಬೇಡಿ. ಮೊದಲ ವಾರ ತಿಂಡಿ, ಅದು ರೂಢಿಯಾದ ಮೇಲೆ ಮಧ್ಯಾಹ್ನದ ತಟ್ಟೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು ಊಟ ಬದಲಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಎರಡು ವಾರ ಕಳೆದರೂ ನಿದ್ದೆ ಬರುತ್ತಿಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ, ಊಟ ಸೇರುತ್ತಿಲ್ಲ ಅಥವಾ ತಿನ್ನುವುದು ಕೈಮೀರಿದೆ ಎಂದಾದರೆ ಅದು ನನ್ನಂಥ ತರಬೇತುದಾರನ ಕೆಲಸವಲ್ಲ. ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.