ಅಂಕೋರ್ ವಾಟ್: ಯಾವ ಗೋಡೆಗೆ ಯಾವ ಹೊತ್ತು

ಅಂಕೋರ್ ವಾಟ್ ಸೇರಿ ಹಲವು ಹಳೆಯ ದೇವಾಲಯಗಳಿರುವ ಕಾಂಬೋಡಿಯಾದ ಅಂಕೋರ್‌ಗೆ ಹೋದವರು ಮೊದಲು ಎಡವುವುದು ಟಿಕೆಟ್ ವಿಷಯದಲ್ಲೇ. ದೇವಾಲಯದ ಬಾಗಿಲಲ್ಲಿ ಟಿಕೆಟ್ ಮಾರುವುದಿಲ್ಲ. ಸಿಯೆಮ್ ರೀಪ್ ಪಟ್ಟಣದಿಂದ ಸುಮಾರು 4 ಕಿ.ಮೀ. ದೂರದಲ್ಲಿರುವ ದೊಡ್ಡ ಕೌಂಟರಿನಲ್ಲಿ, ಇಲ್ಲವೇ ಅಂಕೋರ್ ಎಂಟರ್‌ಪ್ರೈಸ್‌ನ ಅಧಿಕೃತ ಜಾಲತಾಣದಲ್ಲಿ ಕೊಳ್ಳಬೇಕು. ಬೆಳಗಿನ ಜಾವ ಬರಿಗೈಯಲ್ಲಿ ಕಂದಕದವರೆಗೆ ಹೋದವರನ್ನು ಹಿಂದಕ್ಕೆ ಕಳಿಸುತ್ತಾರೆ. ಹೋಗಿ ಬರುವಷ್ಟರಲ್ಲಿ ಸೂರ್ಯ ಹುಟ್ಟಿರುತ್ತಾನೆ.

ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಮೂರು ದಿನದ್ದನ್ನೇ ತೆಗೆದುಕೊಳ್ಳಿ. ಅದನ್ನು ಸತತ ಮೂರು ದಿನ ಬಳಸಬೇಕೆಂದಿಲ್ಲ, 10 ದಿನಗಳೊಳಗೆ ಯಾವ ಮೂರು ದಿನವಾದರೂ ಆಗುತ್ತದೆ; ಮಧ್ಯೆ ಒಂದು ದಿನ ಕಾಲಿಗೆ ವಿಶ್ರಾಂತಿ ಕೊಡಬಹುದು. ಟಿಕೆಟ್ ಮೇಲೆ ನಿಮ್ಮ ಫೋಟೋ ಇರುತ್ತದೆ, ಬೇರೆಯವರಿಗೆ ಕೊಡುವಂತಿಲ್ಲ, ಕಳೆದರೆ ಹೊಸದೇ ಕೊಳ್ಳಬೇಕು. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಫೋನಿನಲ್ಲಿ ಸ್ಕ್ರೀನ್‌ಶಾಟ್ ಇರಲಿ, ಒಂದು ಪ್ರಿಂಟೂ ಇರಲಿ: ಪ್ರತಿ ದೇವಾಲಯದಲ್ಲೂ ತಪಾಸಣೆ ಇದೆ, ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಮುಗಿಯುವುದೂ ಇದೆ. 12 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಆದರೆ ವಯಸ್ಸಿಗೆ ಪುರಾವೆಯಾಗಿ ಪಾಸ್‌ಪೋರ್ಟ್ ಜೊತೆಗಿರಬೇಕು.

ಸಂಜೆ 5ರ ನಂತರ ಕೊಂಡ ಟಿಕೆಟ್ ಮರುದಿನದ ಲೆಕ್ಕಕ್ಕೆ ಸೇರುತ್ತದೆ, ಅಂದಿನ ಸಂಜೆ ಬೋನಸ್. ಆ ಸಂಜೆ ಸೂರ್ಯಾಸ್ತ ನೋಡಲು ಬಾಖೆಂಗ್ ಗುಡ್ಡ ಹತ್ತುವ ಆಸೆ ಮಾತ್ರ ಬೇಡ. ಮೇಲೆ ಒಮ್ಮೆಗೆ 300 ಜನರನ್ನಷ್ಟೇ ಬಿಡುತ್ತಾರೆ, ಸೀಸನ್‌ನಲ್ಲಿ ಆ ಜಾಗ 5ಕ್ಕೆ ಮುಂಚೆಯೇ ತುಂಬಿರುತ್ತದೆ. ಅಂಕೋರ್ ವಾಟ್ ಕಂದಕದ ದಡದಲ್ಲಿ ಕೂತರೂ ಸಂಜೆ ಚೆನ್ನಾಗಿಯೇ ಕಳೆಯುತ್ತದೆ.

ಅಂಕೋರ್ ವಾಟ್ ಮತ್ತು ಸ್ರಾ ಸ್ರಾಂಗ್ ಕೆರೆ ಬೆಳಿಗ್ಗೆ 5ಕ್ಕೇ ತೆರೆಯುತ್ತವೆ. ಬಯೋನ್, ತಾ ಪ್ರೋಮ್‌ನಂಥ ದೇವಾಲಯಗಳು 7.30ಕ್ಕೆ. ದಿನದ ಯೋಜನೆಯೆಲ್ಲ ಈ ಎರಡೂವರೆ ಗಂಟೆಯ ವ್ಯತ್ಯಾಸದ ಮೇಲೆ ನಿಂತಿದೆ.

ಮೊದಲ ದಿನ: ಅಂಕೋರ್ ವಾಟ್ ಮಾತ್ರ

12ನೇ ಶತಮಾನದ ಮೊದಲರ್ಧದಲ್ಲಿ ಎರಡನೇ ಸೂರ್ಯವರ್ಮ ಕಟ್ಟಿಸಿದ ಈ ವಿಷ್ಣು ದೇವಾಲಯದ ಮುಖ ಪಶ್ಚಿಮಕ್ಕಿದೆ. ಹಾಗಾಗಿ ಸೂರ್ಯ ಗೋಪುರಗಳ ಹಿಂದಿನಿಂದ ಏಳುತ್ತಾನೆ. ಒಳಗೆ ನಡೆಯುವಾಗ ಎಡಕ್ಕೆ ಸಿಗುವ ಕೊಳದ ದಂಡೆಯಲ್ಲೇ ಎಲ್ಲರೂ ಗುಂಪುಗೂಡುವುದು, ಗೋಪುರಗಳ ಬಿಂಬ ಅಲ್ಲಿ ಚೆನ್ನಾಗಿ ಕಾಣುತ್ತದೆಂದು. ಮುಂದಿನ ಸಾಲು ಬೇಕಿದ್ದರೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು. ಟಾರ್ಚ್ ಒಯ್ಯಿರಿ, ಕಲ್ಲು ಹಾಸಿನ ದಾರಿ ಏರುಪೇರಾಗಿದೆ. ಮಳೆಗಾಲದಲ್ಲಿ ಮೋಡ ಕವಿದರೆ ಕೆಂಪು ಆಕಾಶ ಸಿಗುವುದಿಲ್ಲ, ಅದಕ್ಕೆ ಸಿದ್ಧರಾಗಿರಿ.

ಸೂರ್ಯ ಮೇಲೆದ್ದ ಕೂಡಲೇ ಅರ್ಧ ಜನ ತಿಂಡಿಗೆ ಹೋಗುತ್ತಾರೆ, ಉಳಿದವರು ಎದುರಿಗಿರುವ ಪಶ್ಚಿಮದ ಮೊಗಸಾಲೆಗೆ ನುಗ್ಗುತ್ತಾರೆ. ಆ ಗೋಡೆಗೆ ಆಗಿನ್ನೂ ನೆರಳು. ನೀವು ನಿಲ್ಲದೆ ನೇರ ಹಿಂಬದಿಯ ಪೂರ್ವದ ಮೊಗಸಾಲೆಗೆ ಹೋಗಿ. ತಗ್ಗಿನ ಬಿಸಿಲು ಕಂಬಗಳ ನಡುವಿನಿಂದ ಒಳಗೆ ಬಂದಿರುತ್ತದೆ, ಜನವೂ ವಿರಳ. ಅದರ ದಕ್ಷಿಣದ ಅರ್ಧದಲ್ಲಿ ಸುಮಾರು 49 ಮೀಟರ್ ಉದ್ದದ ಸಮುದ್ರ ಮಥನವಿದೆ: ಎಡಕ್ಕೆ ಅಸುರರು, ಬಲಕ್ಕೆ ದೇವತೆಗಳು, ನಡುವೆ ವಿಷ್ಣು, ಅವನ ಕೆಳಗೆ ಕೂರ್ಮ. ಕಾಲಬುಡದ ಪಟ್ಟಿಯನ್ನು ಬಿಡದೆ ನೋಡಿ. ಮೀನು ಮೊಸಳೆಗಳು ಈಜುತ್ತಿವೆ. ಮಂದರದ ಹತ್ತಿರ ಬಂದಂತೆ ಕಡೆತದ ಸೆಳವಿಗೆ ಸಿಕ್ಕು ತುಂಡಾಗಿವೆ. ಗೈಡುಗಳು ಬಹುಪಾಲು ಮೇಲಿನ ಅಪ್ಸರೆಯರನ್ನಷ್ಟೇ ತೋರಿಸಿ ಮುಂದೆ ಹೋಗಿಬಿಡುತ್ತಾರೆ.

ಆಮೇಲೆ ಬಕಾನ್, ಅಂದರೆ ನಡುವಿನ ಎತ್ತರದ ಅಂತಸ್ತು. ಒಮ್ಮೆಗೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ಹೊತ್ತೇರಿದಂತೆ ಸಾಲು ಬೆಳೆಯುತ್ತದೆ. ಬೌದ್ಧರ ಪುಣ್ಯದಿನಗಳಲ್ಲಿ ಇದು ಮುಚ್ಚಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆ, ಎರಡು ಅಷ್ಟಮಿಗಳ ಆಸುಪಾಸಿನ ದಿನಗಳವು, ಕ್ಯಾಲೆಂಡರ್ ನೋಡಿಕೊಂಡೇ ದಿನ ಗೊತ್ತುಮಾಡಿ. ಭುಜ, ಮೊಣಕಾಲು ಮುಚ್ಚಿರಬೇಕು. ತೋಳಿಲ್ಲದ ರವಿಕೆಯ ಮೇಲೆ ಶಾಲು ಹೊದ್ದರೆ ಒಪ್ಪುವುದಿಲ್ಲ, ತೋಳಿರುವ ಬಟ್ಟೆಯೇ ಬೇಕು. ಹಳೆಯ ಕಲ್ಲುಮೆಟ್ಟಿಲ ಮೇಲೆ ಮರದ ಏಣಿಮೆಟ್ಟಿಲು ಕಟ್ಟಿದ್ದಾರೆ, ಆದರೂ ಬಲು ಕಡಿದು. ಸೀರೆಗಿಂತ ಚೂಡಿದಾರ ವಾಸಿ. ಮಂಡಿನೋವಿನ ಹಿರಿಯರು ಕೆಳಗಿನ ಅಂಗಳದಲ್ಲೇ ಕೂರಲಿ.

ಹನ್ನೊಂದಕ್ಕೆ ಕೋಣೆಗೆ ಮರಳಿ ಉಂಡು ಮಲಗಿ, ಮೂರೂವರೆಗೆ ಮತ್ತೆ ಬನ್ನಿ. ಈಗ ಪಶ್ಚಿಮದ ಗೋಡೆಗೆ ಬಿಸಿಲು ಬಂದಿರುತ್ತದೆ. ಕಾಲು ತಾನಾಗಿ ಪ್ರದಕ್ಷಿಣೆಗೆ ತಿರುಗೀತು. ಇಲ್ಲಿ ಉಬ್ಬುಶಿಲ್ಪಗಳ ಕ್ರಮ ಅಪ್ರದಕ್ಷಿಣೆಯದು. ಬಾಗಿಲಿಂದ ಬಲಕ್ಕೆ ತಿರುಗಿದರೆ ಕುರುಕ್ಷೇತ್ರ: ಎಡದಿಂದ ಕೌರವರು, ಬಲದಿಂದ ಪಾಂಡವರು. ಶರಶಯ್ಯೆಯ ಭೀಷ್ಮನನ್ನು ಎಡಭಾಗದಲ್ಲಿ ಹುಡುಕಿ. ಅರ್ಜುನನ ಸಾರಥಿ ಕೃಷ್ಣನಿಗೆ ನಾಲ್ಕು ತೋಳು. ಮುಂದೆ ದಕ್ಷಿಣದ ಗೋಡೆಯಲ್ಲಿ ಸೂರ್ಯವರ್ಮನ ಮೆರವಣಿಗೆ, ಯಮನ ನ್ಯಾಯಸಭೆ, 32 ನರಕಗಳು. ಕೊನೆಗೆ ಪಶ್ಚಿಮಕ್ಕೆ ಹಿಂತಿರುಗಿ ಬಾಗಿಲ ಆಚೆ ಬದಿಯ ಲಂಕಾ ಯುದ್ಧ ನೋಡಿ; ರಾಮ ಹನುಮಂತನ ಹೆಗಲ ಮೇಲೆ ನಿಂತಿದ್ದಾನೆ. ಕಪ್ಪಗೆ ಮಿರುಗುವ ಜಾಗಗಳು ಕೈ ಸವರಿ ಸವರಿ ಆದದ್ದು ಎನ್ನುತ್ತಾರೆ, ನೀವು ಮುಟ್ಟಬೇಡಿ. ಐದೂವರೆಗೆ ಬಾಗಿಲು ಮುಚ್ಚುತ್ತದೆ.

ಎರಡನೇ ದಿನ

ಬಯೋನ್, ತಾ ಪ್ರೋಮ್ ಸೇರುವ ಚಿಕ್ಕ ಸುತ್ತು ಸುಮಾರು 17 ಕಿ.ಮೀ. ಹೆಚ್ಚಿನ ಟೂರ್ ಬಸ್ಸುಗಳು ಬಯೋನ್‌ನಿಂದ ಶುರುಮಾಡಿ ಹತ್ತರ ಹೊತ್ತಿಗೆ ತಾ ಪ್ರೋಮ್ ತಲುಪುತ್ತವೆ. ನೀವು ತಿರುಗುಮುರುಗು ಮಾಡಿ: 7.30ಕ್ಕೆ ತಾ ಪ್ರೋಮ್, ಮಧ್ಯಾಹ್ನದ ನಂತರ ಬಯೋನ್. ಟುಕ್ ಟುಕ್‌ನವರು ರೂಢಿಯ ದಾರಿಯನ್ನೇ ಹಿಡಿಯುತ್ತಾರೆ, ಹಿಂದಿನ ರಾತ್ರಿಯೇ ಹೇಳಿಡಬೇಕು. ತಾ ಪ್ರೋಮ್‌ನಲ್ಲಿ ಜೀರ್ಣೋದ್ಧಾರದ ಕೆಲಸ ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದು. ಗೋಡೆಯ ಮೇಲೆ ಬೆಳೆದ ಮರಗಳ ಬೇರು ಸಡಿಲಿಸಿದರೆ ಗೋಡೆ ಬೀಳುತ್ತದೆ, ಬಿಟ್ಟರೆ ಬೇರೇ ಗೋಡೆ ಸೀಳುತ್ತದೆ ಎಂಬ ಇಕ್ಕಟ್ಟು ಅಲ್ಲಿ ಕಣ್ಣಿಗೇ ಕಾಣುತ್ತದೆ. ಬಯೋನ್‌ನಲ್ಲಿ ಗೋಪುರಗಳ ಮೇಲಿನ ದೊಡ್ಡ ಕಲ್ಲಿನ ಮುಖಗಳ ಫೋಟೋ ತೆಗೆದು ಓಡಬೇಡಿ. ಹೊರಗೋಡೆಯ ದಕ್ಷಿಣ ಭಾಗದಲ್ಲಿ ನೆರೆಯ ಚಂಪಾ ರಾಜ್ಯದ ಚಾಮ್ ಜನರೊಡನೆ ನಡೆದ ದೋಣಿ ಯುದ್ಧ, ಅದರ ಕೆಳಗೆ ಕೋಳಿ ಅಂಕ, ಸಂತೆ, ಅಡುಗೆ ಎಲ್ಲ ಇದೆ.

ಮೂರನೇ ದಿನ

ಬಂತೇ ಸ್ರೇ ಪಟ್ಟಣದಿಂದ 35 ಕಿ.ಮೀ.ಗೂ ಹೆಚ್ಚು, ಟುಕ್ ಟುಕ್‌ನಲ್ಲಿ ಒಂದು ಗಂಟೆ ದಾಟುತ್ತದೆ. ಕ್ರಿ.ಶ. 967ರ ಈ ಶಿವಾಲಯ ಪೂರ್ವಾಭಿಮುಖ, ಗುಲಾಬಿ ಮರಳುಗಲ್ಲಿನದು, ಬೆಳಗಿನ ಬಿಸಿಲಿಗೇ ಸರಿ. ಒಳ ಜಗಲಿಗೆ ಹಗ್ಗ ಕಟ್ಟಿರುತ್ತಾರೆ, ಚಿಕ್ಕ ದುರ್ಬೀನು ಇದ್ದರೆ ಒಳ್ಳೆಯದು. ದಕ್ಷಿಣದ ಗ್ರಂಥಾಗಾರದ ಮೇಲೆ ಕೈಲಾಸ ಎತ್ತುವ ರಾವಣ, ಉತ್ತರದ್ದರ ಮೇಲೆ ಖಾಂಡವ ವನದ ಮಳೆ, ಕಂಸವಧೆ. ಇದೇ ರಾವಣನನ್ನು ಹಳೇಬೀಡಿನಲ್ಲಿ ನೋಡಿದವರು ಇಲ್ಲಿನ ಕೈಲಾಸವನ್ನು ಗಮನಿಸಿ: ಮೆಟ್ಟಿಲು ಮೆಟ್ಟಿಲಾಗಿ ಏರುವ ಪಿರಮಿಡ್ಡಿನಂತಿದೆ.

ಉಳಿದ ಚಿಲ್ಲರೆ

ಭಾರತೀಯರಿಗೆ ವೀಸಾ ಬೇಕು; ಇ-ವೀಸಾ ಅರ್ಜಿಯನ್ನು ಸರ್ಕಾರಿ ಜಾಲತಾಣದಲ್ಲೇ ಹಾಕಿ, ಅದನ್ನು ಹೋಲುವ ದಲ್ಲಾಳಿ ತಾಣಗಳು ಹೆಚ್ಚು ಕೀಳುತ್ತವೆ. ಬ್ಯಾಂಕಾಕ್ ಮೂಲಕ ಹೋಗುವವರು ಎರಡೂ ವಿಮಾನ ಒಂದೇ ನಿಲ್ದಾಣದವೇ ಎಂದು ನೋಡಿ. ಡಾನ್ ಮುವಾಂಗ್‌ನಿಂದ ಸುವರ್ಣಭೂಮಿಗೆ ಊರು ದಾಟಬೇಕು. 2023ರಲ್ಲಿ ತೆರೆದ ಸಿಯೆಮ್ ರೀಪ್‌ನ ಹೊಸ ವಿಮಾನ ನಿಲ್ದಾಣ ಪಟ್ಟಣದಿಂದ 40 ಕಿ.ಮೀ.ಗೂ ದೂರ.

ಡಾಲರ್ ಎಲ್ಲೆಡೆ ನಡೆಯುತ್ತದೆ, ಚಿಲ್ಲರೆ ಅಲ್ಲಿನ ಹಣವಾದ ರಿಯಲ್‌ನಲ್ಲಿ, ಡಾಲರಿಗೆ ಸುಮಾರು 4,000. ಅಂಚು ಹರಿದ, ಗೀಚಿದ ನೋಟನ್ನು ಮುಟ್ಟುವುದಿಲ್ಲ. ಊರಲ್ಲೇ ಹೊಸ, ಸಣ್ಣ ನೋಟು ಕೇಳಿ ಪಡೆಯಿರಿ. ಗರ್ಭಗುಡಿಯೊಳಗೆ ಯಾರಾದರೂ ಊದುಬತ್ತಿ ಕೈಗಿಟ್ಟರೆ ಹಿಂದೆಯೇ ಕಾಣಿಕೆ ಕೇಳುತ್ತಾರೆಂದು ತಿಳಿದಿರಿ. ಸಸ್ಯಾಹಾರಿಗಳು 'ತರಕಾರಿ' ಎಂದಷ್ಟೇ ಹೇಳಿದರೆ ಸಾಲದು, ಮೀನಿನ ಸಾಸ್ ಬೇಡವೆಂದು ಬೇರೆಯಾಗಿ ಹೇಳಬೇಕು, ಮೊಟ್ಟೆಯನ್ನೂ. ನವೆಂಬರ್‌ನಿಂದ ಫೆಬ್ರುವರಿ ಹಿತ. ಏಪ್ರಿಲ್‌ನಲ್ಲಿ ಕಲ್ಲು ಕಾದು ಬರಿಗಾಲು ಇಡಲಾಗದು, ಒಬ್ಬರಿಗೆ ಕುಡಿಯಲು ಎರಡು ಲೀಟರ್ ನೀರೂ ಸಾಲದು.