ಲಂಬಕೋನ ತ್ರಿಭುಜದ ಲೆಕ್ಕ ಪೇಪರ್ ಕತ್ತರಿಸಿ ಅರ್ಥ ಮಾಡ್ಕೊಳ್ಳೋದು ಹೇಗೆ

ಲಂಬಕೋನ ತ್ರಿಭುಜದಲ್ಲಿ 90 ಡಿಗ್ರಿ ಮೂಲೆಯ ಅಕ್ಕಪಕ್ಕದ ಎರಡು ಬಾಹುಗಳ ವರ್ಗ ಕೂಡಿಸಿದ್ರೆ ವಿಕರ್ಣದ, ಅಂದ್ರೆ ಆ ಮೂಲೆಗೆ ಎದುರಿನ ಬಾಹುವಿನ, ವರ್ಗ ಬರತ್ತೆ ಅಂತ ಎಲ್ರಿಗೂ ಬಾಯಿಪಾಠ ಇರತ್ತೆ, ಆದ್ರೆ ವರ್ಗ ಯಾಕೆ ಮಾಡ್ಬೇಕು, ಉದ್ದಾನೇ ಕೂಡಿಸಿದ್ರೆ ಯಾಕಾಗಲ್ಲ ಅಂತ ಕೇಳಿದ್ರೆ ತುಂಬಾ ಜನ ತಡವರಿಸ್ತಾರೆ. ಇದು ಉದ್ದದ ಲೆಕ್ಕ ಅಲ್ಲ, ಜಾಗದ ಲೆಕ್ಕ. ಅದನ್ನ ಒಂದ್ಸಲ ಕಣ್ಣಾರೆ ನೋಡಿಬಿಡಿ.

ದಪ್ಪ ಪೇಪರಲ್ಲಿ ಒಂದೇ ಅಳತೆಯ ನಾಲ್ಕು ಲಂಬಕೋನ ತ್ರಿಭುಜ ಕತ್ತರಿಸ್ಕೊಳ್ಳಿ, 90 ಡಿಗ್ರಿ ಮೂಲೆಯ ಅಕ್ಕಪಕ್ಕ 3 ಸೆಂ.ಮೀ. ಮತ್ತೆ 4 ಸೆಂ.ಮೀ. ಇರ್ಲಿ. ಇನ್ನೊಂದು ಹಾಳೆ ಮೇಲೆ 7 ಸೆಂ.ಮೀ. ಬದಿಯ ಚೌಕ ಬರೀರಿ. ತ್ರಿಭುಜಗಳ 90 ಡಿಗ್ರಿ ಮೂಲೆಗಳನ್ನ ಚೌಕದ ನಾಲ್ಕು ಮೂಲೆಗೆ ಕೂರಿಸಿ, ಪ್ರತಿ ಬದಿಯಲ್ಲೂ ಒಂದು ತ್ರಿಭುಜದ 3 ಪಕ್ಕದ್ದರ 4 ಸೇರಿ 7 ಆಗ್ಬೇಕು. ನಡುವೆ ಓರೆಯಾಗಿ ಒಂದು ಖಾಲಿ ಚೌಕ ಉಳಿಯತ್ತೆ, ಅದರ ಬದಿನೇ ವಿಕರ್ಣ. ಈಗ ಎರಡೆರಡು ತ್ರಿಭುಜ ಸೇರಿಸಿ ಎರಡು ಆಯತ ಮಾಡಿ, ಒಂದನ್ನ ಅಡ್ಡ ಒಂದನ್ನ ಉದ್ದ ಎದುರುಬದುರು ಮೂಲೆಗೆ ಸರಿಸಿ. ಈ ಸಲ ಎರಡು ಖಾಲಿ ಚೌಕ ಉಳಿಯತ್ತೆ, ಒಂದರ ಬದಿ 3, ಇನ್ನೊಂದರದು 4. ದೊಡ್ಡ ಚೌಕ ಅದೇ, ತ್ರಿಭುಜಗಳೂ ಅವೇ, ಹಾಗಾದ್ರೆ ಖಾಲಿ ಜಾಗಾನೂ ಅಷ್ಟೇ ಇರ್ಬೇಕಲ್ವಾ? 9 + 16 = 25, ವಿಕರ್ಣ 5. ಬೇರೆ ಯಾವ ಅಳತೆ ತಗೊಂಡ್ರೂ ಇದೇ ಆಟ ನಡೆಯತ್ತೆ, ನನಗಂತೂ ಗಣಿತದಲ್ಲಿ ಇದಕ್ಕಿಂತ ಚಂದದ ಪುರಾವೆ ಕಂಡಿಲ್ಲ.

ಲೆಕ್ಕ ಮಾಡುವಾಗ ಮೊದಲು ವಿಕರ್ಣ ಯಾವುದು ಅಂತ ಗುರುತಿಸಿ, 90 ಡಿಗ್ರಿ ಮೂಲೆಗೆ ಎದುರಿಗಿರೋದು. ಅದು ಗೊತ್ತಿಲ್ಲದಿದ್ರೆ ಕೂಡಿಸಿ, ಗೊತ್ತಿದ್ರೆ ಕಳೀರಿ. ವಿಕರ್ಣ 13, ಒಂದು ಬಾಹು 5 ಅಂದ್ರೆ 169 − 25 = 144, ಇನ್ನೊಂದು ಬಾಹು 12. ಇಲ್ಲಿ ಕೂಡಿಸಿಬಿಟ್ಟು ತಪ್ಪೋರೇ ಜಾಸ್ತಿ. ಉತ್ತರ ಯಾವಾಗ್ಲೂ ಪೂರ್ಣಸಂಖ್ಯೆ ಬರಲ್ಲ, ಬಾಹುಗಳು 2 ಮತ್ತು 3 ಆದ್ರೆ ವಿಕರ್ಣ √13, ಸುಮಾರು 3.6.

3, 4, 5 ನ ಎರಡರಿಂದ ಗುಣಿಸಿ 6, 8, 10 ಮಾಡಿದ್ರೂ ಸರಿ, ಆದ್ರೆ ಒಂದೊಂದು ಕೂಡಿಸಿ 4, 5, 6 ಮಾಡಿದ್ರೆ ಕೆಟ್ಟುಹೋಗತ್ತೆ. 16 + 25 = 41, ಅದು 36 ಕ್ಕಿಂತ ಜಾಸ್ತಿ, ಅಂದ್ರೆ ದೊಡ್ಡ ಬಾಹುವಿನ ಎದುರು ಕೋನ 90 ಕ್ಕಿಂತ ಕಡಿಮೆ. 2, 3, 4 ರಲ್ಲಿ ಉಲ್ಟಾ, 4 + 9 = 13, ಅದು 16 ಕ್ಕಿಂತ ಕಡಿಮೆ, ಕೋನ 90 ದಾಟತ್ತೆ. ಹಾಗಾಗಿ ಕೋನಮಾಪಕ ಇಲ್ದೇನೂ ಮೂಲೆ ಚೆಕ್ ಮಾಡ್ಬೋದು, ಒಂದು ಕಡೆ 60 ಸೆಂ.ಮೀ.ಗೆ, ಇನ್ನೊಂದು ಕಡೆ 80 ಕ್ಕೆ ಗುರುತು ಹಾಕಿ ಎರಡು ಗುರುತಿನ ನಡುವೆ ಅಳೀರಿ, ಸರಿಯಾಗಿ 100 ಬಂದ್ರೆ ಮೂಲೆ 90 ಡಿಗ್ರಿ ಇದೆ.

3, 4, 5 ಥರ ಸರಿಹೊಂದೋ ಹೊಸ ಮೂರು ಸಂಖ್ಯೆ ಬೇಕಂದ್ರೆ 3 ಅಥವಾ ಅದಕ್ಕಿಂತ ದೊಡ್ಡ ಬೆಸಸಂಖ್ಯೆ ಒಂದನ್ನ ತಗೊಂಡು ವರ್ಗ ಮಾಡಿ, ಅದನ್ನ ಒಂದಕ್ಕೊಂದು 1 ಮಾತ್ರ ವ್ಯತ್ಯಾಸ ಇರೋ ಎರಡು ಸಂಖ್ಯೆಯಾಗಿ ಒಡೀರಿ. 7 ರ ವರ್ಗ 49, ಅದು 24 + 25, ಆದ್ದರಿಂದ 7, 24, 25. ಈಗ 9 ಹಿಡ್ಕೊಂಡು ನೀವೇ ಮಾಡಿ ನೋಡಿ.